ಅಸ್ಗರ್ ಸಾಹೇಬರ ಮೆರೂನ್ ಮಖಮಲ್ಲು

ಕಪ್ಪು ಮಖಮಲ್ಲಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ಅವನ ಕೈಯಲ್ಲಿ. ನಾನು ಎಳೆದೆ. ಅವನು ಬಿಡಲಿಲ್ಲ. ಮತ್ತೆ ಎಳೆದೆ. ಆಗಲೂ ಬಿಡದೆ, ಬಟ್ಟೆಯನ್ನು ನೋಡುವ ಬದಲು ನನ್ನನ್ನೇ ನೋಡುತ್ತ ನಿಂತ. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿಯಿತು.

ತೊಂಬತ್ತಾರನೇ ಇಸವಿಯ ಮಾತು. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಅಸ್ಗರ್ ಸಾಹೇಬರ ಬಟ್ಟೆ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಗಲ್ಲಿಯಲ್ಲೇ ಕಾಯಬೇಕು, ಅಷ್ಟೇ ಅಗಲ. ಶೇರ್ವಾನಿಗೆ, ಒಡವೆ ಪೆಟ್ಟಿಗೆಗೆ, ದರ್ಗಾದ ಚಾದರಕ್ಕೆ ಮಖಮಲ್ಲು ಬೇಕಾದವರೆಲ್ಲ ಅಲ್ಲಿಗೇ ಬರುತ್ತಿದ್ದರು. ನಾನು ಬರುತ್ತಿದ್ದುದು ಯೀಸ್ಟಿಗಾಗಿ. ಹಾಗೆಂದು ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ನಾನು ಹೇಳುತ್ತಲೂ ಇರಲಿಲ್ಲ.

"ನಾನು ಮೊದ್ಲು ಹಿಡ್ಕೊಂಡಿದ್ದು," ಎಂದೆ.

"ಅಂಗಡ್ಯಾಗ ಮೊದಲು ಬಂದಾಂವ ನಾನರಿ," ಎಂದ. ಗದಗದ ಕಡೆಯ ಮಾತು. ದನಿ ಮೆತ್ತಗಿತ್ತು, ಹಿಡಿತ ಮಾತ್ರ ಸಡಿಲಲಿಲ್ಲ.

ಸಿಟ್ಟಿನಲ್ಲಿ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು, ಬ್ಯಾಗಿನಿಂದ ಬೆಂಕಿಪೊಟ್ಟಣ ತೆಗೆದೆ. ಅಷ್ಟರಲ್ಲಿ ಅವನ ಶರ್ಟಿನ ಜೇಬಿನಿಂದಲೂ ಒಂದು ಬೆಂಕಿಪೊಟ್ಟಣ ಹೊರಬಂದಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡೆವು.

ಅಪ್ಪಟ ಹತ್ತಿಯಾದರೆ ಎಳೆ ಸುಟ್ಟು ಬೂದಿಯಾಗುತ್ತದೆ, ಪಾಲಿಸ್ಟರ್ ಇದ್ದರೆ ಕರಗಿ ಮಣಿಯಾಗುತ್ತದೆ. ಶೇರ್ವಾನಿ ಹೊಲಿಸುವವರಿಗೆ ಅದೆಲ್ಲ ಬೇಡ. ಬಟ್ಟೆಯನ್ನು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಹಾಕಿ ಹಬೆಯಲ್ಲಿ ಬೇಯಿಸುವವರಿಗೆ ಮಾತ್ರ ಬೇಕು. ಬೆಂಗಳೂರಿನಲ್ಲಿ ಮಖಮಲ್ಲನ್ನು ಬೇಯಿಸುವ ಜನ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಇವತ್ತು ಇಬ್ಬರು ಬಂದವ್ರೆ ಸುಡೋಕೆ," ಎಂದರು ಅಸ್ಗರ್ ಸಾಹೇಬರು. "ಅಂಗಡಿಗೇ ಹಚ್ಬಿಡಿ ಮೇಡಂ, ಒಂದೇ ಸಲಕ್ಕೆ ಮುಗೀತದೆ."

"ಯೀಸ್ಟೇನ್ರಿ?" ಎಂದು ಅವನು ಕೇಳಿದ.

"ಯೀಸ್ಟೇ," ಎಂದೆ.

ಆಗ ಅವನು ನಕ್ಕ. ಮೊದಲು ಕಣ್ಣಿನ ಅಂಚು ಕಿರಿದಾಯಿತು, ತುಟಿ ಆಮೇಲೆ. ಹಣೆಯ ಮೇಲೆ ಬೆಳಿಗ್ಗೆ ಹಚ್ಚಿದ್ದ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಹೆಸರು ಸಿದ್ಧಲಿಂಗೇಶ, ಪಿಎಚ್‌ಡಿ ಮುಗಿಸಿ ಹೋದ ವಾರವಷ್ಟೇ ಹಂಸ ಮೇಡಂ ಲ್ಯಾಬಿಗೆ ಸೇರಿದ್ದೇನೆ, ಅಲ್ಲಿ ಯಮುನಾ ಅಂತ ಒಬ್ಬರಿದ್ದಾರಂತೆ, ಅಕ್ಕನ ಮಗುವಿನ ನಾಮಕರಣಕ್ಕೆ ರಜೆ ಹೋದವರು ಇನ್ನೂ ಬಂದಿಲ್ಲ ಎಂದ. ಆ ಯಮುನಾ ನಾನೇ ಎಂದು ಹೇಳಿದೆ. ಹೇಳಿ, ಬಟ್ಟೆಯನ್ನು ಮಾತ್ರ ಬಿಡಲಿಲ್ಲ.

ಕಪ್ಪು ಇದ್ದದ್ದು ಒಂದೇ ತುಂಡು. ಅಸ್ಗರ್ ಸಾಹೇಬರು ಮೇಲಿನ ಅಟ್ಟದಿಂದ ಮೆರೂನ್ ಬಣ್ಣದ ಬಟ್ಟೆಯ ಸುರುಳಿ ಇಳಿಸಿದರು. ಸುಟ್ಟು ನೋಡಿದರೆ ಅದೂ ಹತ್ತಿಯೇ. ಬಿಳಿ ಯೀಸ್ಟು ಕಪ್ಪಿನ ಮೇಲೆ ಎದ್ದು ಕಾಣುತ್ತದೆಂದು ನಾವೆಲ್ಲ ಕಪ್ಪನ್ನೇ ತರುತ್ತಿದ್ದೆವು. ಅವನು ಮೆರೂನೇ ಸಾಕು ಎಂದ. ನಾನು ಗೆದ್ದ ಜಂಬದಲ್ಲಿ ಕಪ್ಪನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಅವನಿಗೆ ಬಸ್ ನಂಬರ್ ಕೂಡ ಹೇಳದೆ ಹೊರಟುಬಿಟ್ಟೆ.

ನಮ್ಮ ಸಂಸ್ಥೆ ಇದ್ದದ್ದು ಹಲಸೂರಿಗೂ ಇಂದಿರಾನಗರಕ್ಕೂ ನಡುವೆ. ಮಖಮಲ್ಲಿನ ಕೆಲಸ ಇಷ್ಟೇ. ಗಾಜಿನ ತಟ್ಟೆಯೊಂದರಲ್ಲಿ ಯೀಸ್ಟು ಚುಕ್ಕೆ ಚುಕ್ಕೆಯಾಗಿ ಬೆಳೆದಿರುತ್ತದೆ. ಅದನ್ನು ಬಟ್ಟೆಯ ಮೇಲೆ ಒತ್ತಿದರೆ ಚುಕ್ಕೆಗಳ ಅಚ್ಚು ಬಟ್ಟೆಗೆ ಬೀಳುತ್ತದೆ. ಆ ಬಟ್ಟೆಯಿಂದ ಬೇರೆ ತಟ್ಟೆಗಳಿಗೆ ಅದೇ ಅಚ್ಚು ಹಾಕಿ, ಒಂದನ್ನು ತಣ್ಣಗೆ, ಇನ್ನೊಂದನ್ನು ಬಿಸಿಯಲ್ಲಿ ಇಟ್ಟು, ಯಾವ ಚುಕ್ಕೆ ಎಲ್ಲಿ ಬದುಕಿತು, ಎಲ್ಲಿ ಸತ್ತಿತು ಎಂದು ನೋಡುವುದು. ಯಾವ ಜೀನ್ ಹಾಳಾದರೆ ಜೀವಕೋಶಕ್ಕೆ ಏನಾಗುತ್ತದೆ ಎಂಬುದನ್ನು ನಾವು ಹೀಗೆ ಹುಡುಕುತ್ತಿದ್ದೆವು.

ಬಾಣಸವಾಡಿಯ ನಮ್ಮ ಮನೆಯಲ್ಲಿ ಇದನ್ನು ವಿವರಿಸಲು ಹೋಗಿ ನಾನು ಸೋತಿದ್ದೆ. ಅಪ್ಪ ಮುನಿಆಂಜನಪ್ಪನವರು ಒಂದು ಕಾಲದಲ್ಲಿ ದ್ರಾಕ್ಷಿ ಬೆಳೆದವರು. ತೋಟವೆಲ್ಲ ಲೇಔಟ್ ಆದಮೇಲೆ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹಿಟ್ಟು ಹುಳಿ ಹಿಡಿಯೋದನ್ನ ಓದೋಕೆ ಇಷ್ಟು ವರ್ಷ ಬೇಕಾ ಎಂಬುದು ಅವರ ಪ್ರಶ್ನೆ. ಸೋದರತ್ತೆ ಮುನಿಲಕ್ಷ್ಮಮ್ಮ ಗಂಡಿನ ಕಡೆಯವರ ಹತ್ತಿರ ಹುಡುಗಿ ಬ್ರೆಡ್ ಫ್ಯಾಕ್ಟರಿಯಲ್ಲಿ ಆಫೀಸರು ಎಂದು ಹೇಳಿಕೊಂಡು ಬರುತ್ತಿದ್ದರು. ಅಮ್ಮ ಗಂಗಲಕ್ಷ್ಮಮ್ಮ ಮಾತ್ರ ಏನೂ ಕೇಳುತ್ತಿರಲಿಲ್ಲ. ನಾನು ತಡವಾಗಿ ಬಂದ ದಿನ ಮುದ್ದೆ ಬಿಸಿಯಾಗಿರುವ ಹಾಗೆ ನೋಡಿಕೊಳ್ಳುತ್ತಿದ್ದಳು.

ಸಿದ್ಧಲಿಂಗೇಶನಿಗೆ ನನ್ನ ಎದುರಿನ ಬೆಂಚು ಕೊಟ್ಟಿದ್ದರು. ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಜಕಗಳನ್ನು ಬಿಡಿಸುವ ಕೆಲಸ ಮಾತ್ರ ಅವನ ಕೈಗೆ ಹತ್ತಲಿಲ್ಲ. ಯೀಸ್ಟಿಗೆ ಹೊಟ್ಟೆಗಿಲ್ಲದೆ ಹೋದಾಗ ಅದು ನಾಲ್ಕು ಬೀಜಕಗಳನ್ನು ಒಂದೇ ಚೀಲದಲ್ಲಿ ಕಟ್ಟಿಡುತ್ತದೆ. ಆ ಚೀಲ ಒಡೆದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತ, ಕೂದಲಿಗಿಂತ ಸಪೂರದ ಗಾಜಿನ ಸೂಜಿಯಿಂದ ನಾಲ್ಕನ್ನೂ ಬೇರೆ ಬೇರೆ ಕೂರಿಸಬೇಕು. ಲ್ಯಾಬಿನಲ್ಲಿ ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಮೇಡಂ ನನಗೆ ಕಲಿಸಿಕೊಡಲು ಹೇಳಿದರು.

"ಉಸಿರು ಬಿಡ್ಬೇಡಿ, ಸೂಜಿ ಅಲ್ಲಾಡತ್ತೆ," ಎಂದೆ.

"ನೀವು ಬಾಜೂಕ ನಿಂತೀರಲ್ಲ, ಅದಕ್ಕ ಅಲ್ಲಾಡತೈತಿ," ಎಂದ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

ನನಗೆ ಕೇಳಿಸಲಿಲ್ಲವೆಂಬಂತೆ ನಿಂತೆ. ಅವನ ಕಿವಿಯ ತುದಿ ಕೆಂಪಾಗಿದ್ದು ಮಾತ್ರ ನೋಡಿದೆ. ಸೂಜಿ ಮುರಿಯಿತು. ಮರುದಿನ ಇನ್ನೊಂದು ಮುರಿಯಿತು. ಬೇಕಂತಲೇ ಮುರಿಯುತ್ತಾನೋ ಏನೋ ಎಂಬ ಅನುಮಾನ ಬಂದರೂ ನಾನು ಕೇಳಲು ಹೋಗಲಿಲ್ಲ, ಏಕೆಂದರೆ ಕಲಿಸುವುದು ಮುಗಿಯಬಾರದೆಂದು ನನಗೂ ಇತ್ತು.

ಒಂದು ಮಧ್ಯಾಹ್ನ ಅವನಿಗೆ ಯೀಸ್ಟಿನ ಕೂಡಿಕೆ ತೋರಿಸಿದೆ. ಯೀಸ್ಟಿನಲ್ಲಿ ಗಂಡು ಹೆಣ್ಣಿಲ್ಲ, ಎ ಮತ್ತು ಆಲ್ಫಾ ಎಂದು ಎರಡು ಪಂಗಡ. ಹತ್ತಿರದಲ್ಲಿ ಇನ್ನೊಂದು ಪಂಗಡದ ಕೋಶವಿದೆಯೆಂದು ವಾಸನೆ ಹತ್ತಿದ ಕೂಡಲೇ ಅದು ಕೈಯಲ್ಲಿದ್ದ ಕೆಲಸವನ್ನೆಲ್ಲ ನಿಲ್ಲಿಸಿ, ಆ ದಿಕ್ಕಿಗೆ ಮೂಗು ಚಾಚುತ್ತದೆ. ದುಂಡಗಿದ್ದದ್ದು ಪೇರ್ ಹಣ್ಣಿನ ಹಾಗೆ ಉದ್ದವಾಗುತ್ತದೆ. ಅವನಿಗೆ ಇದೆಲ್ಲ ನನಗಿಂತ ಮೊದಲೇ ಗೊತ್ತಿತ್ತು. ಆದರೂ ಮೊದಲ ಸಲ ನೋಡುವವನ ಹಾಗೆ ನೋಡಿದ.

"ಜಾತಿ, ಜಾತಕ ಏನೂ ಕೇಳೂದಿಲ್ಲೇನ್ರಿ ಇವು?"

"ಒಂದೇ ಷರತ್ತು," ಎಂದೆ. "ಇಬ್ಬರೂ ಒಂದೇ ಪಂಗಡದವರಾಗಿರಬಾರದು."

ಅವನು ತಲೆಯೆತ್ತಿ ನೋಡಿದ. ಈ ಸಲ ನಾನೂ ಕಣ್ಣು ತಗ್ಗಿಸಲಿಲ್ಲ. ಆಚೆ ಬೆಂಚಿನ ಹುಡುಗಿ ಸೃಷ್ಟಿ ಸುಮ್ಮನೆ ಕೆಮ್ಮಿದಳು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಲಿಂಗರಾಜಪುರದ ಅವನ ಬಾಡಿಗೆ ರೂಮಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು. ನಾನು ತಂದ ಅವರೆಕಾಳಿನ ಹುಳಿಯಲ್ಲಿ ಮಾಂಸದ ಚೂರೇನಾದರೂ ಇದೆಯೋ ಎಂದು ಅವನು ಚಮಚದಲ್ಲಿ ಕೆದಕಿ ನೋಡುತ್ತಿದ್ದ. ಹಲಸೂರು ಕೆರೆಯ ದಂಡೆಯ ಮೇಲೆ ಟೀ ಕುಡಿಯುತ್ತ ನಾವು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಯೀಸ್ಟೇ ಇರುತ್ತಿತ್ತು. ಯಾರಾದರೂ ಕದ್ದು ಕೇಳಿದ್ದರೆ ಇವರಿಬ್ಬರು ಪ್ರೇಮಿಗಳೆಂದು ಖಂಡಿತ ಹೇಳುತ್ತಿರಲಿಲ್ಲ. ಆದರೆ ನಾವಿಬ್ಬರೂ ಪ್ರೇಮಿಗಳೇ ಆಗಿದ್ದೆವು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಅಷ್ಟರಲ್ಲಿ ಅವನಿಗೆ ಒಂದು ದೊಡ್ಡ ಫಲಿತಾಂಶ ಸಿಕ್ಕಿತು. ಒಂದು ಜೀನನ್ನು ತೆಗೆದುಹಾಕಿದ ಯೀಸ್ಟು ಮೂವತ್ತೇಳು ಡಿಗ್ರಿ ಶಾಖದಲ್ಲಿ ಸಾಯುತ್ತದೆ ಎಂದು ಅವನು ಕಂಡುಹಿಡಿದ. ಆ ಜೀನು ಕೋಶವನ್ನು ಶಾಖದಿಂದ ಕಾಪಾಡುತ್ತದೆಂದು ಪೇಪರ್ ಬಂತು, ಹೊರದೇಶದ ಪತ್ರಿಕೆಯಲ್ಲೇ ಬಂತು. ಹಂಸ ಮೇಡಂ ಸಿಹಿ ಹಂಚಿದರು. ನನ್ನ ಥೀಸಿಸ್ಸಿಗೂ ಅಲ್ಲಿಂದಲೇ ದಾರಿ ಸಿಕ್ಕಿತು. ಸಾಯುವ ಆ ಯೀಸ್ಟನ್ನು ಬದುಕಿಸಬಲ್ಲ ಇನ್ನೊಂದು ಜೀನು ಯಾವುದು ಎಂದು ಹುಡುಕುವುದು ನನ್ನ ಪಾಲಿಗೆ ಬಂತು.

ಪೇಪರ್ ಬಂದಮೇಲೆ ಅವನಿಗೆ ಬೆಂಗಳೂರಿನಲ್ಲೇ ಒಂದು ಸರ್ಕಾರಿ ಸಂಸ್ಥೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಆಗ ನಾನು ಮನೆಯಲ್ಲಿ ವಿಷಯ ಎತ್ತಿದೆ. ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಅತ್ತೆ ಎದೆ ಬಡಿದುಕೊಂಡು ಅತ್ತರು. ಕೆ.ಆರ್. ಪುರದಲ್ಲಿ ವಸಂತ್ ಅಂತ ಒಬ್ಬ ಹುಡುಗ, ನೀರಿನ ಟ್ಯಾಂಕರುಗಳ ಯಜಮಾನ, ಅವರ ಕಡೆಯ ಮಾತುಕತೆ ಹೆಚ್ಚುಕಡಿಮೆ ಮುಗಿಯುವ ಹಂತಕ್ಕೆ ಬಂದು ನಿಂತಿತ್ತು. ಕೊನೆಗೆ ಅಪ್ಪ ಒಂದು ಸಂಜೆ ಜಗುಲಿಯಲ್ಲಿ ಕೂತು ನನ್ನನ್ನು ಕರೆದರು.

"ಅವನು ನಮ್ಮೋನಲ್ಲ. ನಮ್ಮ ಮನೆ ಸಾರು ಮುಟ್ಟೋನಲ್ಲ. ಪರ್ಮನೆಂಟ್ ಕೆಲ್ಸನಾದ್ರೂ ಐತಾ?"

"ಸಿಗತ್ತೆ ಅಪ್ಪ."

"ಸಿಗಲಿ. ಸರ್ಕಾರಿ ಕೆಲ್ಸ ಸಿಕ್ರೆ ನಾಲ್ಕು ಜನಕ್ಕೆ ಮುಖ ತೋರಿಸ್ಬೋದು. ಸಿಗ್ನಿಲ್ಲ ಅಂದ್ರೆ ಕೆ.ಆರ್. ಪುರದೋರಿಗೆ ಮಾತು ಕೊಡ್ತೀನಿ, ನೀನು ತುಟಿ ಬಿಚ್ಚಂಗಿಲ್ಲ."

ನಾನು ಒಪ್ಪಿದೆ. ಕೆಲಸ ಅವನಿಗೆ ಸಿಕ್ಕೇ ಸಿಗುತ್ತದೆಂಬ ಧೈರ್ಯ ನನಗಿತ್ತು.

ಇತ್ತ ನನ್ನ ಕೆಲಸ ಮಾತ್ರ ಹದಗೆಟ್ಟಿತ್ತು. ಸಾಯುವ ಯೀಸ್ಟನ್ನು ಬದುಕಿಸಬೇಕಾದರೆ ಅದು ಮೊದಲು ಸಾಯಬೇಕಲ್ಲ? ನನ್ನ ತಟ್ಟೆಗಳಲ್ಲಿ ಅದು ಸಾಯುತ್ತಲೇ ಇರಲಿಲ್ಲ. ಮೂವತ್ತೇಳು ಡಿಗ್ರಿಯಲ್ಲಿ ಆರಾಮವಾಗಿ ಬೆಳೆಯುತ್ತಿತ್ತು. ಶಾಖದ ಪೆಟ್ಟಿಗೆ ಸರಿಯಿಲ್ಲವೇನೋ ಎಂದು ಬದಲಾಯಿಸಿದೆ. ಯೀಸ್ಟಿನ ಆಹಾರ ಹೊಸದಾಗಿ ಮಾಡಿದೆ. ಸಿದ್ಧಲಿಂಗೇಶ ಪಕ್ಕದಲ್ಲೇ ಕೂತು ಒಂದೊಂದನ್ನೂ ಪರೀಕ್ಷೆ ಮಾಡಿ ಕೊಟ್ಟ. ಅವನು ಮಾಡಿದರೆ ಸಾಯುತ್ತಿತ್ತು, ನಾನು ಮಾಡಿದರೆ ಬದುಕುತ್ತಿತ್ತು. ನನ್ನ ಕೈಗುಣ ಒಳ್ಳೆಯದು ಎಂದು ಅವನು ತಮಾಷೆ ಮಾಡಿದ. ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಇಂಟರ್‌ವ್ಯೂಗೆ ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಕರೆಂಟು ಹೋಗಿ, ನನ್ನ ಬಟ್ಟೆಗಳೆಲ್ಲ ಆಟೋಕ್ಲೇವಿನೊಳಗೇ ಸಿಕ್ಕಿಕೊಂಡವು. ಕಾಯುವ ತಾಳ್ಮೆ ಇರಲಿಲ್ಲ. ಅವನ ಡ್ರಾಯರಿನಲ್ಲಿ ಬೇಯಿಸಿಟ್ಟ ಮೆರೂನ್ ಮಖಮಲ್ಲಿನ ಚೌಕಗಳಿದ್ದವು. ಅದರಲ್ಲೊಂದನ್ನು ತೆಗೆದು ಅಚ್ಚು ಹಾಕಿದೆ.

ಮರುದಿನ ನೋಡಿದರೆ ಬಿಸಿಯಲ್ಲಿಟ್ಟ ತಟ್ಟೆಯಲ್ಲಿ ಆ ಯೀಸ್ಟು ಸತ್ತಿತ್ತು. ಅದರ ಸಾವಿಗೆ ನಾನು ಕುಣಿಯುವುದೊಂದು ಬಾಕಿ. ಓಡಿಹೋಗಿ ಅವನಿಗೆ ತೋರಿಸಿದೆ. ಅವನು ನನಗಿಂತ ಹೆಚ್ಚು ಹಿಗ್ಗಿದ. ಹಲಸೂರಿನಲ್ಲಿ ಮಸಾಲೆ ದೋಸೆ ಕೊಡಿಸಿದ, ಎರಡು ಸಲ ಕಾಫಿ ಕುಡಿಸಿದ. ಇನ್ನು ನನ್ನ ಥೀಸಿಸ್ ಓಡುತ್ತದೆ, ಅವನಿಗೆ ಕೆಲಸವಾಗುತ್ತದೆ, ಆಮೇಲೆ ನಿಮ್ಮ ಅಪ್ಪನ ಮುಂದೆ ಬಂದು ನಿಲ್ಲುತ್ತೇನೆ ಎಂದ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಖುಷಿಗೆ ನಾನು ಇನ್ನೊಂದು ದೋಸೆ ಹೇಳಿದೆ.

ಲ್ಯಾಬಿಗೆ ಬಂದು ಎಂದಿನ ಅಭ್ಯಾಸದಂತೆ ಇನ್ನೊಮ್ಮೆ ಮಾಡಿದೆ, ಈ ಸಲ ನನ್ನ ಕಪ್ಪು ಬಟ್ಟೆಯಲ್ಲಿ. ಯೀಸ್ಟು ಬದುಕಿತು. ಮೆರೂನಿನಲ್ಲಿ ಮಾಡಿದೆ, ಸತ್ತಿತು. ಬಳಸದೆ ಉಳಿದಿದ್ದ ಮೆರೂನ್ ತುಂಡೊಂದನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ. ನೀರಿಗೆ ಗುಲಾಬಿ ಬಣ್ಣದ ನೆರಳು ಬಂತು. ಜೀನು ತೆಗೆದ ಯೀಸ್ಟನ್ನು ಹರಡಿದ ತಟ್ಟೆಯ ಮೇಲೆ ಆ ನೀರಿನ ಒಂದು ಹನಿ ಬಿಟ್ಟು ಬಿಸಿಯಲ್ಲಿಟ್ಟೆ. ಎರಡು ದಿನ ಕಳೆದು ನೋಡಿದಾಗ ಹನಿ ಬಿದ್ದಲ್ಲಿ ಒಂದು ಕೋಶವೂ ಬೆಳೆದಿರಲಿಲ್ಲ.

ಅಸ್ಗರ್ ಸಾಹೇಬರ ಬಟ್ಟೆಯ ಬಣ್ಣ ಬಿಡುತ್ತಿತ್ತು. ಮಾಮೂಲಿ ಯೀಸ್ಟು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಜೀನು ತೆಗೆದ ಯೀಸ್ಟು ಮಾತ್ರ ಬಣ್ಣವೂ ಬಿಸಿಯೂ ಸೇರಿದಾಗ ಸಾಯುತ್ತಿತ್ತು. ಬರೀ ಶಾಖಕ್ಕೆ ಅದು ಸತ್ತೇ ಇರಲಿಲ್ಲ. ಅಂದರೆ ಅವನ ಪೇಪರ್ ತಪ್ಪು.

ಹಂಸ ಮೇಡಂ ಹತ್ತಿರ ಹೋದೆ. ಅವರು ತಟ್ಟೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಟ್ಟವರಲ್ಲ ಅವರು. ಗಂಡಸರೇ ತುಂಬಿದ್ದ ಕಾಲದಲ್ಲಿ ಒಂದು ಲ್ಯಾಬ್ ಕಟ್ಟಿ ನಿಲ್ಲಿಸಿದ್ದರು, ಏನೇನು ನುಂಗಿಕೊಂಡಿದ್ದರೋ ಯಾರಿಗೆ ಗೊತ್ತು. ಕೊನೆಗೆ ತಟ್ಟೆ ಕೆಳಗಿಟ್ಟು, ಇಂಟರ್‌ವ್ಯೂ ಮುಗಿಯುವವರೆಗೆ ಸುಮ್ಮನಿರು, ಆಮೇಲೆ ನಿಧಾನವಾಗಿ ನೋಡೋಣ ಎಂದರು. ನಿನಗೂ ಅದೇ ಒಳ್ಳೆಯದಲ್ಲವಾ ಎಂದು ಸೇರಿಸಿದರು. ನಮ್ಮಿಬ್ಬರ ವಿಷಯ ಅವರಿಗೂ ಗೊತ್ತಿತ್ತು.

ಒಳ್ಳೆಯದೇ. ಬಾಯಿ ಮುಚ್ಚಿಕೊಂಡರೆ ಅವನಿಗೆ ಕೆಲಸ, ನನಗೆ ಅವನು, ಅಪ್ಪನಿಗೆ ಮರ್ಯಾದೆ. ಬಾಯಿ ತೆರೆದರೆ ಮೂರೂ ಇಲ್ಲ, ಮೇಲೆ ಕೆ.ಆರ್. ಪುರದ ಟ್ಯಾಂಕರು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ನಾನು ಬಾಯಿ ಮುಚ್ಚಿಕೊಂಡಿರುವ ಯಮುನಾಳನ್ನು ಕಲ್ಪಿಸಿಕೊಂಡೆ. ರೇಷ್ಮೆ ಸೀರೆ ಉಟ್ಟು, ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು, ಅವನ ಪೇಪರನ್ನು ಯಾರಾದರೂ ಹೊಗಳಿದಾಗ ನಗುವ ಯಮುನಾ. ಅವಳ ಮುಖಕ್ಕೆ ಹೊಡೆಯಬೇಕೆನಿಸಿತು. ನನ್ನನ್ನು ಇಷ್ಟು ವರ್ಷ ಮನೆಯಲ್ಲಿ, ಬೀದಿಯಲ್ಲಿ ತಲೆಯೆತ್ತಿ ನಿಲ್ಲಿಸಿದ್ದು ಒಂದೇ, ಕಂಡದ್ದನ್ನು ಕಂಡ ಹಾಗೆ ಹೇಳುವ ಕೆಲಸ. ಅದನ್ನೇ ಕೊಟ್ಟು ಗಂಡನನ್ನು ತರುವುದಾದರೆ ವಸಂತ್ ಏನು ಪಾಪ ಮಾಡಿದ್ದ?

ಮರುದಿನ ಮಧ್ಯಾಹ್ನ ಅವನನ್ನು ಲ್ಯಾಬಿನ ಟೆರೇಸಿಗೆ ಕರೆದೆ. ಅಲ್ಲಿ ತಂತಿಯ ಮೇಲೆ ನಮ್ಮ ಒಗೆದ ಮಖಮಲ್ಲುಗಳು ಒಣಗುತ್ತಿದ್ದವು, ಕಪ್ಪು ಒಂದು ಕಡೆ, ಮೆರೂನ್ ಒಂದು ಕಡೆ. ಅವನು ಇಂಟರ್‌ವ್ಯೂಗೆ ಮಾತು ಅಭ್ಯಾಸ ಮಾಡುತ್ತಿದ್ದವನು ಹಾಗೇ ನಗುನಗುತ್ತ ಬಂದ. ತಟ್ಟೆಗಳನ್ನು ಅವನ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಅವನು ಬುದ್ಧಿವಂತ, ಅರ್ಧ ಹೇಳುವಷ್ಟರಲ್ಲೇ ಪೂರ್ತಿ ಅರ್ಥವಾಯಿತು. ನಗು ಹೋಯಿತು.

"ಮೇಡಂಗ ಹೇಳೀರೇನು?"

"ಹೇಳಿದೆ. ಸುಮ್ನಿರು ಅಂದ್ರು."

"ಮತ್ಯಾಕ ಸುಮ್ಮನಿರಲಿಲ್ಲ? ಹತ್ತು ದಿನ ತಡದಿದ್ರ ಆಗತಿತ್ತು."

"ಹತ್ತು ದಿನ ಆದ್ಮೇಲೆ ಹೇಳಿದ್ರೆ, ನನಗೆ ಮೊದಲೇ ಗೊತ್ತಿತ್ತು ಅಂತ ನಿಮಗೆ ಗೊತ್ತಾಗ್ತಿತ್ತು. ಆಮೇಲೆ ನೀವು ನನ್ನನ್ನ ನಂಬ್ತಿದ್ರಾ?"

ಅವನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಇನ್ನೊಂದು ಹೇಳ್ಬೇಕು. ನಾನು ನಿಮ್ಮನ್ನ ಪ್ರೀತಿಸ್ತೀನಿ."

"ಇಂಥಾ ಹೊತ್ತಿನ್ಯಾಗ ಹೇಳೂ ಮಾತೇನ್ರಿ ಇದು?"

"ಎರಡೂ ನಿಜ. ಎರಡೂ ಒಟ್ಟಿಗೇ ಹೇಳ್ಬೇಕಿತ್ತು."

ಅವನು ಆ ತಟ್ಟೆಗಳನ್ನು ಎತ್ತಿಕೊಂಡು ಕೆಳಗಿಳಿದು ಹೋದ. ಅದಾದಮೇಲೆ ನನ್ನ ಹತ್ತಿರ ಮಾತಾಡಲಿಲ್ಲ. ಅವನ ಬೆಂಚಿನಲ್ಲಿ ಬೇಸಿನ್ ತುಂಬ ಬಟ್ಟೆ ನೆನೆಯುತ್ತಿದ್ದುದು, ತಟ್ಟೆಗಳ ಸಾಲು ಬೆಳೆಯುತ್ತಿದ್ದುದು ಕಂಡೆ. ನಾನು ಹೇಳಿದ್ದನ್ನೆಲ್ಲ ತಾನೇ ಮೊದಲಿಂದ ಮಾಡಿ ನೋಡುತ್ತಿದ್ದ. ನಾನು ತಲೆಯೆತ್ತಿದಾಗ ಅವನ ತಲೆ ಬಗ್ಗಿರುತ್ತಿತ್ತು. ನಾನು ತಲೆ ಬಗ್ಗಿಸಿದಾಗ ಅವನು ನೋಡುತ್ತಿದ್ದನೆಂದು ಸೃಷ್ಟಿ ಆಮೇಲೆ ಹೇಳಿದಳು.

ಇಂಟರ್‌ವ್ಯೂ ದಿನ ಅವನು ಲ್ಯಾಬಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೇಡಂ ಬಂದವರು ನನ್ನ ಮುಖ ನೋಡಿ, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಕೆಲಸ ಬೇರೆಯವರಿಗೆ ಸಿಕ್ಕಿತೆಂದು ಶುಕ್ರವಾರ ಸುದ್ದಿ ಬಂತು. ಅಂದೇ ಅತ್ತೆಗೂ ಅದು ಹೇಗೋ ತಲುಪಿತು, ಅವರ ಮಗ ಮುನೀಂದ್ರ ಅದೇ ಸಂಸ್ಥೆಗೆ ಕ್ಯಾಂಟೀನ್ ಸಾಮಾನು ಹಾಕುತ್ತಿದ್ದ. ಭಾನುವಾರ ಮಧ್ಯಾಹ್ನ ಕೆ.ಆರ್. ಪುರದವರು ಹೂ ಮುಡಿಸಲು ಬರುತ್ತಾರೆಂದು ಅಪ್ಪ ಮನೆಯಲ್ಲಿ ಹೇಳಿದರು. ನಮ್ಮಲ್ಲಿ ಗಂಡಿನ ಮನೆಯ ಮುತ್ತೈದೆಯರು ಬಂದು ಹುಡುಗಿಗೆ ಹೂ ಮುಡಿಸಿದರೆ ಮುಗಿಯಿತು, ಆ ಹುಡುಗಿ ಅವರ ಮನೆಯವಳು. ನಾನು ತಲೆ ಒಡ್ಡುವುದಿಲ್ಲ ಎಂದೆ. ನೀನು ಒಪ್ಪಿಕೊಂಡ ಮಾತು ಎಂದರು. ಕೆಲಸ ಸಿಗದಿದ್ದರೆ ತುಟಿ ಬಿಚ್ಚಬಾರದು ಅಂದಿದ್ದಿರಿ, ಈಗ ಬಿಚ್ಚುತ್ತಿದ್ದೇನೆ, ಏನು ಮಾಡುತ್ತೀರೋ ಮಾಡಿ ಎಂದೆ. ಅಮ್ಮ ನಮ್ಮಿಬ್ಬರ ನಡುವೆ ನಿಂತಳು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಮಾಂಸದ ಸಾರು ಕುದಿಯುತ್ತಿತ್ತು. ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹೊದೆಸಿದ ಮಲ್ಲಿಗೆ, ಕನಕಾಂಬರ. ಗೇಟಿನ ಸದ್ದಾಯಿತು. ಸಿದ್ಧಲಿಂಗೇಶ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ಅಳಿಸದ ವಿಭೂತಿ. ಸಾರಿನ ವಾಸನೆಗೆ ಮೂಗು ಒಂದು ಕ್ಷಣ ಮುದುಡಿತು, ಆದರೂ ಒಳಗೆ ಬಂದ. ನನ್ನನ್ನು ನೋಡಲಿಲ್ಲ. ನೇರ ಅಪ್ಪನ ಮುಂದೆ ನಿಂತ.

"ನಾನು ಸಿದ್ಧಲಿಂಗೇಶ ಅಂತರಿ. ಕೆಲಸ ಸಿಗಲಿಲ್ಲ. ನನ್ನ ಪೇಪರ್ ತಪ್ಪೈತಿ, ತಪ್ಪು ಹಿಡದಾಕಿ ನಿಮ್ಮ ಮಗಳು ಅಂತ ಇಂಟರ್‌ವ್ಯೂದಾಗ ನಾನ ಹೇಳಿ ಬಂದೆ."

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಮಗಳು ನಿನ್ನ ಕೆಲ್ಸ ಕೆಡಿಸಿದ್ಲಾ?"

"ಹೌದ್ರಿ."

"ಅದಕ್ಕೆ ಜಗಳಕ್ಕೆ ಬಂದಿದ್ದೀಯಾ?"

"ಅಲ್ಲರಿ. ಹೆಣ್ಣು ಕೇಳಾಕ ಬಂದೀನಿ. ಈಕಿ ಬಾಜೂಕ ಇದ್ರ ನಾ ಸುಳ್ಳು ಹೇಳಾಕ ಆಗೂದಿಲ್ಲ. ನನಗ ಅಂಥಾಕೀನ ಬೇಕು."

ಆ ಕ್ಷಣದವರೆಗೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅಪ್ಪನ ಮುಖ ಕೆಂಪಾಯಿತು. ಕೆಲಸ ಇಲ್ಲ, ಕುಲ ಅಲ್ಲ, ಇವನಲ್ಲಿ ಏನಿದೆ ಅಂತ ನಿನ್ನನ್ನು ಕೊಡಬೇಕು ಎಂದು ನನ್ನ ಕಡೆ ತಿರುಗಿ ಗುಡುಗಿದರು.

"ತಪ್ಪು ಮಾಡಿದ್ರೆ ಮಾಡಿದೆ ಅಂತಾನೆ ಅಪ್ಪ," ಎಂದೆ. "ಈ ಮನೇಲಿ ಇಷ್ಟು ವರ್ಷದಲ್ಲಿ ಹಾಗೆ ಅಂದ ಗಂಡಸನ್ನ ನಾನು ನೋಡಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಳ್ಳದೆ, ಕಿಸಕ್ಕನೆ, ಎಲ್ಲರಿಗೂ ಕೇಳುವ ಹಾಗೆ ನಕ್ಕಳು. ಅಪ್ಪ ಅವಳನ್ನು ನೋಡಿದರು. ಅವಳು ನಗು ನಿಲ್ಲಿಸಲಿಲ್ಲ. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಜಗುಲಿಗೆ ಹೋಗಿ, ನಮಗೆ ಬೆನ್ನು ಮಾಡಿ ಕೂತರು. ಹೋಗೋಳು ಹೋಗಲಿ, ಹೋದ್ರೆ ಈ ಹೊಸ್ತಿಲು ಮತ್ತೆ ತುಳಿಯೋದು ಬೇಡ ಎಂದು ಅಲ್ಲಿಂದಲೇ ಹೇಳಿದರು.

ನಾನು ಚಪ್ಪಲಿ ಹಾಕಿಕೊಂಡೆ. ಅವನು ನನ್ನ ಹಿಂದೆ ಬಂದ. ಗೇಟು ದಾಟಿದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಇರ್ಲಿ."

"ಆ ಬಣ್ಣಕ್ಕ ಅದೊಂದ ಯೀಸ್ಟು ಯಾಕ ಸಾಯತೈತಿ? ನೀವು ಹೇಳಿದಾಗಿನಿಂದ ಅದ ತಲ್ಯಾಗ ಕುಂತೈತಿ."

"ನನಗೂ," ಎಂದೆ. ಮುಂದೆ ನನ್ನ ಥೀಸಿಸ್ ಆದದ್ದು ಆ ಪ್ರಶ್ನೆ. ನಾನು ಸ್ವಂತ ಲ್ಯಾಬ್ ಕಟ್ಟಿದ್ದೂ ಅದರ ಮೇಲೇ. ಅವನು ಆಮೇಲೆ ಬೇರೆ ಕಡೆ ಕೆಲಸ ಹಿಡಿದ. ಆದರೆ ಆ ಬೆಳಿಗ್ಗೆ ನಮಗಿಬ್ಬರಿಗೂ ಯಾವುದೂ ಗೊತ್ತಿರಲಿಲ್ಲ. ಬಸ್ ಸ್ಟಾಪಿನವರೆಗೆ ನಡೆಯುವುದೊಂದು ಗೊತ್ತಿತ್ತು, ಆ ಬೀದಿಯ ಉದ್ದಕ್ಕೂ ನನ್ನ ದೊಡ್ಡಪ್ಪ, ಚಿಕ್ಕಪ್ಪಂದಿರ ಮನೆಗಳೇ ಇದ್ದವು. ಎಲ್ಲ ಜಗುಲಿಗಳ ಮೇಲೂ ಜನ ಬಂದು ನಿಂತಿದ್ದರು. ಮುನೀಂದ್ರ ತನ್ನ ಬೈಕಿನ ಮೇಲೆ ಕೂತು ಗುರಾಯಿಸುತ್ತಿದ್ದ.

"ಯಮುನಾ," ಎಂದು ಹಿಂದಿನಿಂದ ಅಮ್ಮನ ದನಿ ಕೇಳಿತು.

ತಿರುಗಿ ನೋಡಿದೆ. ಅಮ್ಮ ಬರಿಗಾಲಲ್ಲಿ ಬೀದಿಗೆ ಇಳಿದು ಬರುತ್ತಿದ್ದಳು. ಗಂಡನ ಮಾತು ಮೀರಿ ಅವಳು ಆ ಗೇಟು ದಾಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೈಯಲ್ಲಿ ಕೆ.ಆರ್. ಪುರದವರಿಗೆಂದು ತರಿಸಿದ್ದ ಹೂವಿನ ದಂಡೆ ಇತ್ತು. ನನ್ನ ಹೆಗಲು ಹಿಡಿದು ತಿರುಗಿಸಿ ನಿಲ್ಲಿಸಿದಳು. ಹೇರ್‌ಪಿನ್ ಕಚ್ಚಿಕೊಂಡು ನಡುಬೀದಿಯಲ್ಲಿ, ಅಷ್ಟೂ ಜನರ ಕಣ್ಣೆದುರಿಗೆ, ನನ್ನ ಜಡೆಗೆ ಹೂ ಮುಡಿಸಿದಳು.

"ಇವಳಿಗೆ ಹೂ ಮುಡಿಸಾಯ್ತು," ಎಂದಳು ಸಿದ್ಧಲಿಂಗೇಶನಿಗೆ, ಜಗುಲಿಯಲ್ಲಿ ಬೆನ್ನು ಮಾಡಿ ಕೂತವರಿಗೂ ಕೇಳುವಷ್ಟು ಗಟ್ಟಿಯಾಗಿ. "ನಿನ್ನ ಮನೆಯೋಳು. ಕರ್ಕೊಂಡು ಹೋಗಪ್ಪ."

ಅವನು ಬಗ್ಗಿ ಅವಳ ಕಾಲು ಮುಟ್ಟಿದ. ನಾನು ಅವನ ಕೈ ಹಿಡಿದೆ. ನಾನೇ ಹಿಡಿದೆ, ಬೀದಿಯ ಕೊನೆಯವರೆಗೂ ಬಿಡಲಿಲ್ಲ.